ಪರ್ಸಿ ಖಣಿಯಲ್ಲಿ ಫಿಫಾ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದೂ ಊರಿಗೆ ಸೇರಿ ಒಂದು ಅಂತರರಾಷ್ಟ್ರೀಯ ಫುಟ್‌ಬಾಲ್ ಕ್ರೀಡಾಂಗಣ ಆಗಲೇಬೇಕೆಂದು ಈ ಮೂಲಕ ಆಗ್ರಹಿಸುತ್ತೇನೆ. ನಗುವವರು ನಗಲಿ. ಬೆಂಗಳೂರಿನ ಪಕ್ಕದ ಸೂರ್ಯಸಿಟಿಯಲ್ಲಿ 80,000 ಆಸನಗಳ ಕ್ರಿಕೆಟ್ ಕ್ರೀಡಾಂಗಣಕ್ಕೆ 1,650 ಕೋಟಿ ರೂಪಾಯಿ ಎಂದು 2025ರಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಕಲಬುರಗಿ ಜಿಲ್ಲೆಯವರು ಬಾಯಿ ತೆರೆದರೆ ಮಾತ್ರ ಎಲ್ಲರಿಗೂ ಹಣಕಾಸಿನ ಶಿಸ್ತು ನೆನಪಾಗುತ್ತದೆ.

ನಮಗೇನು ಕಡಿಮೆ? ವಾಡಿಯಲ್ಲಿ ಎಸಿಸಿ, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ, ಕೋಡ್ಲಾದಲ್ಲಿ ಶ್ರೀ, ಚಿತ್ತಾಪುರ ತಾಲ್ಲೂಕಿನಲ್ಲಿ ಓರಿಯಂಟ್, ಚಿಂಚೋಳಿಯಲ್ಲಿ ಚೆಟ್ಟಿನಾಡ್, ಎಲ್ಲವೂ ಸಿಮೆಂಟ್ ಕಾರ್ಖಾನೆಗಳೇ. ರಾಷ್ಟ್ರಕೂಟರು ಆಳಿದ ಮಾನ್ಯಖೇಟದ ಹಾದಿ ಕೇಳಿದರೆ ಜನ ಸಿಮೆಂಟ್ ಲಾರಿಗಳನ್ನು ತೋರಿಸಿ ಅವುಗಳ ಹಿಂದೆ ಹೋಗಿ ಎನ್ನುತ್ತಾರೆ. ಇಲ್ಲಿ ಕ್ರೀಡಾಂಗಣ ಕಟ್ಟಿದರೆ ಸಾಗಣೆ ವೆಚ್ಚವೇ ಉಳಿಯುತ್ತದೆ. ಗಾಳಿ ಜೋರಾಗಿರುವ ದಿನ ಸಿಮೆಂಟು ತಾನಾಗಿಯೇ ಕಾಮಗಾರಿಯ ಸ್ಥಳಕ್ಕೆ ಬಂದು ಬೀಳುತ್ತದೆ, ನೀರು ಹಾಕಿದರೆ ಆಯಿತು.

ಅಂತರರಾಷ್ಟ್ರೀಯ ಪಾಲುದಾರರು ಎಲ್ಲಿ ಎಂದು ಕೇಳಬೇಡಿ. ನಾವು ಅವರ ಜೊತೆಗೇ ಬೆಳೆದವರು. ಎಸಿಸಿಗೆ 2005ರಲ್ಲಿ ಬಂದ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ 2022ರಲ್ಲಿ ಅದಾನಿಗೆ ಮಾರಿ ಹೋಯಿತು. ಫಿಫಾದ ಮನೆಯೂ ಅದೇ ದೇಶದ ಜ್ಯೂರಿಕ್‌ನಲ್ಲಿ. ಇಷ್ಟು ವರ್ಷ ನಮ್ಮ ಸುಣ್ಣಗಲ್ಲು ಅರೆದವರು ನೆರೆಮನೆಯವರಿಗೆ ಒಂದು ಮಾತು ಹೇಳಿದ್ದರೆ ವಾಡಿಯಲ್ಲಿ ವಿಶ್ವಕಪ್ ಸೆಮಿಫೈನಲ್ ಆಗಿಹೋಗುತ್ತಿತ್ತು. ಶಹಾಬಾದಿನ ಬಾಯ್ಲರ್ ಕಾರ್ಖಾನೆಯಂತೂ ಎಬಿಬಿ, ಫ್ರಾನ್ಸಿನ ಆಲ್‌ಸ್ಟಾಮ್, ಅಮೆರಿಕದ ಜಿಇ ಎಂದು ದೇಶದಿಂದ ದೇಶಕ್ಕೆ ದಾಟಿತು. ಊರಿನವರಿಗೆ ಅದು ಗೊತ್ತಾದದ್ದು ಸಮವಸ್ತ್ರದ ಜೇಬಿನ ಮೇಲಿನ ಅಕ್ಷರ ಬದಲಾದಾಗ.

ಜಾಗ ಎಂದರೆ ಶಹಾಬಾದಿನ ಪರ್ಸಿ ಖಣಿ, ಅಂದರೆ ನೆಲಕ್ಕೆ ಹಾಸುವ ಕಲ್ಲು ತೆಗೆದ ಗಣಿ. ಈ ಕಲ್ಪನೆ ನನ್ನ ತಲೆಯ ಬೆಳೆಯಲ್ಲ, ಪಕ್ಕಾ ಯುರೋಪಿನದು. ಪೋರ್ಚುಗಲ್‌ನ ಬ್ರಾಗಾ ನಗರದಲ್ಲಿ ಎಡ್ವಾರ್ಡೊ ಸೌಟೊ ದ ಮೌರಾ ಎಂಬ ವಾಸ್ತುಶಿಲ್ಪಿ ಹಳೆಯ ಕಲ್ಲುಗಣಿಯೊಳಗೇ ಸುಮಾರು 30,000 ಜನ ಕೂರುವ ಕ್ರೀಡಾಂಗಣ ಕಟ್ಟಿದರು. 2003ರಲ್ಲಿ ಅದು ಸಿದ್ಧವಾಯಿತು. ಒಂದು ಗೋಲಿನ ಹಿಂದೆ ಪ್ರೇಕ್ಷಕರೇ ಇಲ್ಲ, ಕಡಿದ ಬಂಡೆ ಹಾಗೇ ನಿಂತಿದೆ. 2011ರಲ್ಲಿ ಅವರಿಗೆ ವಾಸ್ತುಶಿಲ್ಪದ ನೊಬೆಲ್ ಎನ್ನುವ ಪ್ರಿಟ್ಸ್ಕರ್ ಪ್ರಶಸ್ತಿ ಬಂತು. ಖರ್ಚು ಅಂದಾಜನ್ನು ಮೀರಿ ನಗರಸಭೆ ವರ್ಷಗಟ್ಟಲೆ ಹೈರಾಣಾಯಿತು ಎಂಬುದನ್ನು ಯೋಜನಾ ವರದಿಯಲ್ಲಿ ಬರೆಯುವ ಅಗತ್ಯವಿಲ್ಲ. ಬ್ರಾಗಾದಲ್ಲಿ ಇದ್ದದ್ದು ಒಂದು ಗಣಿ. ನಮ್ಮಲ್ಲಿ ಶಹಾಬಾದಿನಿಂದ ಚಿತ್ತಾಪುರದವರೆಗೆ ಎಲ್ಲಿ ಕಾಲಿಟ್ಟರೂ ತೆಗ್ಗು. ಮಳೆಗಾಲದಲ್ಲಿ ಈಜುಕೊಳವೂ ಅದೇ, ಒಲಿಂಪಿಕ್ಸ್‌ಗೆ ಬೇರೆ ಅರ್ಜಿ ಹಾಕಬಹುದು.

ವಿದೇಶಿ ಕನ್ಸಲ್ಟಂಟ್ ಬಂದರೆ ಏನಾಗುತ್ತದೆಂದು ಈಗಲೇ ಬರೆದಿಡುತ್ತೇನೆ. ಆತ ಖಣಿಯ ಅಂಚಿನಲ್ಲಿ ನಿಂತು ದಂಗಾಗುತ್ತಾನೆ. ಮಗ್ಗುಲಲ್ಲಿ ಕಲ್ಲು ಕಡಿದು ಕೈ ಸವೆದ ಮುದುಕನೊಬ್ಬ ಬೀಡಿ ಸೇದುತ್ತಿರುತ್ತಾನೆ. ಜೊತೆಗೆ ಬಂದ ಅಧಿಕಾರಿ ಕೇಳುತ್ತಾರೆ: ‘ಮುತ್ಯಾ, ಇಷ್ಟು ಛಲೋ ಆಕಾರ ಯಾರು ಡಿಸೈನ್ ಮಾಡ್ಯಾರ ಅಂತ ಸಾಹೇಬ್ರು ಕೇಳ್ಲತ್ತಾರ.’

‘ಡಿಜೈನ್ ಯಾರೂ ಮಾಡಿಲ್ರಿ. ಕಲ್ಲು ಒಯ್ದ್ರು, ತೆಗ್ಗು ಬಿಟ್ಟು ಹೋದ್ರು.’

ಅಧಿಕಾರಿ ಇದನ್ನು ಇಂಗ್ಲಿಷಿನಲ್ಲಿ ‘ಸ್ಥಳೀಯ ಜನರ ಸಹಭಾಗಿತ್ವದಲ್ಲಿ ರೂಪುಗೊಂಡ ಭೂದೃಶ್ಯ’ ಎಂದು ತಿಳಿಸುತ್ತಾರೆ. ಕನ್ಸಲ್ಟಂಟ್ ಬರೆದುಕೊಳ್ಳುತ್ತಾನೆ.

ಮುಂದಿನ ಪ್ರಶ್ನೆ, ನಿಮ್ಮ ಸಂಸ್ಕೃತಿಯ ಗುರುತು ಯಾವುದು? ಯಾಕೆಂದರೆ ಈಗಿನ ಕ್ರೀಡಾಂಗಣ ಕ್ರೀಡಾಂಗಣದ ಹಾಗೆ ಕಾಣಕೂಡದು. ಕತಾರ್‌ನಲ್ಲಿ ಅಲ್ ಬೈತ್ ಗುಡಾರದ ಹಾಗಿದೆ, ಅಲ್ ತುಮಾಮಾ ಅರಬ್ಬರ ಟೊಪ್ಪಿಗೆಯ ಹಾಗೆ, ಜಹಾ ಹದೀದ್ ಸಂಸ್ಥೆಯ ಅಲ್ ಜನೂಬ್ ಹಾಯಿದೋಣಿಯ ಹಾಗೆ. ನಮ್ಮಲ್ಲಿ ಇದಕ್ಕೊಂದು ಸಭೆ ಕರೆದರೆ ಚಿತ್ತಾಪುರದವರು ಸನ್ನತಿಯ ಸ್ತೂಪ ಎನ್ನುತ್ತಾರೆ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಸಾಮ್ರಾಟ ಅಶೋಕನ ಹೆಸರು ಬರೆದ ಶಿಲ್ಪವೇ ಸಿಕ್ಕಿದೆ, ಅದೂ ಇದೇ ಸುಣ್ಣಗಲ್ಲಿನಲ್ಲಿ, ಅವರ ಮಾತಿಗೆ ತೂಕವಿದೆ. ಸೇಡಂನವರು ಮಳಖೇಡದ ಕೋಟೆ ಬಿಡುವುದಿಲ್ಲ. ಜಿಐ ಮಾನ್ಯತೆ ಪಡೆದ ತೊಗರಿಯ ಕಾಯಿ ಇರಲಿ ಎಂದು ರೈತರು ಹೇಳುವಷ್ಟರಲ್ಲಿ ಯಾರೋ ಎದ್ದು, ಅದಕ್ಕೆ ನೆಟೆ ರೋಗ ಬಿದ್ದರೆ ಕ್ರೀಡಾಂಗಣಕ್ಕೆ ವಿಮೆ ಸಿಗುತ್ತದೆಯೇ ಎನ್ನುತ್ತಾರೆ. ವಾಡಿಯವರದು ಸಿಮೆಂಟ್ ಚೀಲ. ಚಿಂಚೋಳಿಯವರು ಮಾತ್ರ ಆಕಾರ ಯಾವುದಾದರೂ ಆಗಲಿ, ನೋಡಲು ಬರುವುದಕ್ಕೆ ನಮ್ಮೂರಿಗೆ ರೈಲು ಬಿಡಿ ಎನ್ನುತ್ತಾರೆ. ಅದು ಕಾರ್ಯಸೂಚಿಯಲ್ಲಿಲ್ಲ.

ರೈಲಿನ ಮಾತು ಬಂದಿತೆಂದು ಹೇಳುತ್ತೇನೆ. ಅಡಿಗಲ್ಲಿನ ವಿಷಯದಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಕಲಬುರಗಿ ರೈಲ್ವೆ ವಿಭಾಗಕ್ಕೆ 2014ರಲ್ಲೇ ಅಡಿಗಲ್ಲು ಬಿತ್ತು. ವಿಭಾಗದ ದಾರಿ ಕಾಯುತ್ತಲೇ ಇದ್ದೇವೆ. ಕಲ್ಲಿನ ಗುಣಮಟ್ಟದ ಬಗ್ಗೆ ಇದುವರೆಗೆ ಒಂದು ದೂರೂ ಇಲ್ಲ.

ಹುಲ್ಲು ಸ್ವಲ್ಪ ಕಷ್ಟ. ಕತಾರ್‌ನಲ್ಲಿ ಒಂದೊಂದು ಮೈದಾನಕ್ಕೆ ಬೇಸಿಗೆಯಲ್ಲಿ ದಿನಕ್ಕೆ 50,000 ಲೀಟರ್ ನೀರು ಹಾಯಿಸುತ್ತಿದ್ದರಂತೆ, ಸಮುದ್ರದ ನೀರಿನ ಉಪ್ಪು ತೆಗೆದು. ನಮ್ಮ ಕಾಗಿಣಾ ನದಿಯ ನೀರಿನಲ್ಲಿ ಉಪ್ಪಿಲ್ಲ, ಬೇಸಿಗೆಯಲ್ಲಿ ನೀರೂ ಇಲ್ಲ. ಅವರು ಕ್ರೀಡಾಂಗಣಕ್ಕೇ ಏಸಿ ಹಾಕಿದರು. ನಾವೂ ಹಾಕೋಣ, ಜೆಸ್ಕಾಂನವರು ಕರೆಂಟು ತೆಗೆದಾಗ ಆಟಕ್ಕೆ ವಿರಾಮ ಎಂದು ನಿಯಮ ತಿದ್ದಿದರಾಯಿತು.

ಆಸನದ ವಿಷಯದಲ್ಲಿ ನಾವು ಜಗತ್ತಿಗೇ ಪಾಠ ಹೇಳಬಹುದು. 2025ರ ಡಿಸೆಂಬರ್ 13ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ ಮೆಸ್ಸಿ ಬಂದಾಗ ಗಣ್ಯರೂ ಅವರ ಬಳಗವೂ ಆತನನ್ನು ಮುತ್ತಿಕೊಂಡರು. ಸಾವಿರಾರು ರೂಪಾಯಿ ಕೊಟ್ಟು ಬಂದವರಿಗೆ ಬೆನ್ನುಗಳ ದರ್ಶನವಾಯಿತು. ಸಿಟ್ಟಿಗೆದ್ದ ಜನ ಕುರ್ಚಿ ಕಿತ್ತು ಎಸೆದರು. ನಮ್ಮ ಆಸನಗಳೆಲ್ಲ ಪರ್ಸಿ ಕಲ್ಲಿನವು. ಕಿತ್ತೆಸೆಯುವ ಪ್ರಶ್ನೆಯೇ ಬರುವುದಿಲ್ಲ. ಏಪ್ರಿಲ್‌ನಲ್ಲಿ ಕೂರುವ ಪ್ರಶ್ನೆಯೂ ಬರುವುದಿಲ್ಲ. ಗಣ್ಯರಿಗೆ ನಕ್ಷೆಯಲ್ಲೇ ಮೈದಾನದ ನಡುವಿನ ವೃತ್ತವನ್ನು ಮೀಸಲಿಟ್ಟರೆ ಒಳ್ಳೆಯದು, ಹೇಗೂ ಅಲ್ಲಿಗೇ ಬರುತ್ತಾರೆ.

ಆಡಲು ಯಾರು ಬರುತ್ತಾರೆ ಎಂಬ ಸಣ್ಣ ಆಕ್ಷೇಪವೂ ಏಳಬಹುದು. 2025ರ ನವೆಂಬರ್‌ಗೆ ಅರ್ಜೆಂಟೀನಾ ತಂಡ ಕೊಚ್ಚಿಗೆ ಬರುತ್ತದೆಂದು ಕೇರಳದಲ್ಲಿ ಕ್ರೀಡಾಂಗಣ ರಿಪೇರಿಯೇ ಶುರುವಾಗಿತ್ತು. ತಂಡ ಬರಲಿಲ್ಲ. ಅದೇ ತಿಂಗಳು ಇಂಡಿಯನ್ ಸೂಪರ್ ಲೀಗ್ ನಡೆಸಲು ಕರೆದ ಟೆಂಡರಿಗೆ ಒಬ್ಬನೂ ಬರಲಿಲ್ಲ. ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದದ್ದು 2023ರ ಮಾರ್ಚ್ 4ರಂದು, ಮೇಘಾಲಯವನ್ನು 3-2ರಿಂದ ಸೋಲಿಸಿ. ಎಲ್ಲಿ? ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಕನ್ನಡ ನಾಡಿನ ಹುಡುಗರು ಖಾಸಿ ಗುಡ್ಡದ ನಾಡಿನ ಹುಡುಗರನ್ನು ಮರುಭೂಮಿಯಲ್ಲಿ ಸೋಲಿಸಬಹುದಾದರೆ ಶಹಾಬಾದಿನ ತೆಗ್ಗಿನಲ್ಲಿ ಯಾಕಾಗದು? ರಿಯಾದ್‌ಗಿಂತ ನಮ್ಮೂರು ಹತ್ತಿರ, ಬಿಸಿಲು ಹೆಚ್ಚುಕಡಿಮೆ ಅಷ್ಟೇ.

ಇನ್ನು ತವರು ತಂಡ. ಕಾಲಿನಲ್ಲಿ ಕಸುವಿರುವ ನಮ್ಮ ಹುಡುಗರು, ಚಿಂಚೋಳಿ, ಚಿತ್ತಾಪುರ, ಸೇಡಂ ಕಡೆಯ ತಾಂಡಾಗಳವರಂತೂ, ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗಿದ್ದಾರೆ. ಇಲ್ಲಿಂದ ಹೋದ ಸಿಮೆಂಟನ್ನು ಅಲ್ಲಿ ಕಲಸುವವರು ಅವರೇ. ಅವರು ಊರಿಗೆ ಬರುವುದು ದೀಪಾವಳಿಗೆ, ಹೋಳಿಗೆ. ಕತಾರ್‌ನಲ್ಲಿ ಬಿಸಿಲೆಂದು ಫಿಫಾ 2022ರ ವಿಶ್ವಕಪ್ಪನ್ನೇ ನವೆಂಬರ್‌ಗೆ ಸರಿಸಿತು. ನಮ್ಮದು ಅಷ್ಟು ದೊಡ್ಡ ಕೋರಿಕೆಯಲ್ಲ. ಫೈನಲ್ ಪಂದ್ಯ ಹೋಳಿಯ ಮರುದಿನ ಬೆಳಿಗ್ಗೆ ಇರಲಿ. ಹೆಚ್ಚುವರಿ ಸಮಯ, ಪೆನಾಲ್ಟಿ ಎಂದೆಲ್ಲ ಎಳೆಯುವಂತಿಲ್ಲ. ತಂಡದ ಹನ್ನೊಂದೂ ಜನ ಸಂಜೆಯೊಳಗೆ ವಾಡಿ ಜಂಕ್ಷನ್ ಸೇರಿ ಮುಂಬೈ ಗಾಡಿಯ ಜನರಲ್ ಬೋಗಿಯಲ್ಲಿ ಜಾಗ ಹಿಡಿಯಬೇಕು.