ವಿರುದ್ಧಾಹಾರ ಪ್ರಕರಣ: ಗಂಡು–ಗಂಡು ಪ್ರಣಯಕಥೆಗಳ ವೈದ್ಯಶಾಸ್ತ್ರಕ್ಕೆ ಒಂದು ಪೀಠಿಕೆ

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯನ್ನು ಇದುವರೆಗಿನ ಪಂಡಿತರೆಲ್ಲ ಬೇಸಾಯದ ಮಾತೆಂದೇ ತಿಳಿದು ಅರ್ಥ ಹೇಳುತ್ತ ಬಂದಿದ್ದಾರೆ. ಹೊಂದಾಣಿಕೆಯಿಲ್ಲದ ಜೋಡಿಯಿಂದ ಕೆಲಸ ಕೆಡುತ್ತದೆ ಎಂಬುದು ಅವರ ತಾತ್ಪರ್ಯ. ಇದು ಶುದ್ಧ ಪ್ರಮಾದ. ಗಾದೆಯಲ್ಲಿ ಹೊಲದ ಸುದ್ದಿಯೇ ಇಲ್ಲ, ಕೆಲಸ ಕೆಟ್ಟಿತೆಂಬ ದೂರೂ ಇಲ್ಲ. ಎರಡು ಗಂಡು ಜೀವಗಳನ್ನು ಒಂದೇ ನೊಗಕ್ಕೆ ಕಟ್ಟಿ, ಎರಡರ ಸ್ವಭಾವವನ್ನೂ ಒಂದೊಂದು ಮಾತಿನಲ್ಲಿ ಹೇಳಿ, ಮುಂದೇನಾಯಿತು ಎಂಬುದನ್ನು ಕೇಳುವವರ ಕುತೂಹಲಕ್ಕೆ ಬಿಟ್ಟು ಅದು ಸುಮ್ಮನಾಗುತ್ತದೆ. (ಎತ್ತಿನ ಗಂಡಸುತನದ ಬಗ್ಗೆ ಪಶುವೈದ್ಯರು ತೆಗೆಯಬಹುದಾದ ತಕರಾರನ್ನು ಅಡಿಟಿಪ್ಪಣಿಗೆ ತಳ್ಳಿದ್ದೇವೆ; ಈ ಪ್ರಬಂಧಕ್ಕೆ ಅಡಿಟಿಪ್ಪಣಿಗಳಿಲ್ಲ.) ಗಂಟುಮೋರೆಯ ಒಬ್ಬ ಗಂಡಸು, ನಗೆಮೊಗದ ಇನ್ನೊಬ್ಬ ಗಂಡಸು, ಜಗಳದಿಂದ ಶುರುವಾಗಿ ಒಬ್ಬರ ಹಳೆಯ ಗಾಯವನ್ನು ಇನ್ನೊಬ್ಬರು ಮಾಯಿಸುವಲ್ಲಿಗೆ ಮುಗಿಯುವ ಕಾದಂಬರಿಗಳು ಇಂಗ್ಲಿಷಿನಲ್ಲಿ ಇವತ್ತು ಕಪಾಟುಗಟ್ಟಲೆ ಬರುತ್ತಿವೆ. ಅವೆಲ್ಲವುಗಳ ಅತಿಸಂಕ್ಷಿಪ್ತ ಕಥಾಸಾರವೇ ಈ ಗಾದೆ ಎಂಬುದು ನಮ್ಮ ಮತ.

ಮತವನ್ನು ಮೊದಲು ಸಾರಿ ಆಮೇಲೆ ಪುರಾವೆ ಹುಡುಕುವುದು ವಿದ್ವಾಂಸರ ಸಂಪ್ರದಾಯವಾದ್ದರಿಂದ ಮುಖ್ಯ ಸಿದ್ಧಾಂತವನ್ನೂ ಇಲ್ಲೇ ಸಾರಿಬಿಡುತ್ತೇವೆ: ಈ ಪುಸ್ತಕಗಳನ್ನು ಗ್ರಂಥಾಲಯಗಳು ಸಾಹಿತ್ಯದ ಕಪಾಟಿನಲ್ಲಿ ಇಡುತ್ತಿರುವುದು ತಪ್ಪು, ಅವು ವೈದ್ಯಶಾಸ್ತ್ರಕ್ಕೆ ಸೇರಿದವು. ಕಾರಣ ಚರಿತ್ರೆಯಲ್ಲಿದೆ. ಗಂಡಸು ಗಂಡಸನ್ನು ಪ್ರೀತಿಸುವುದು ಬಹುಕಾಲ ವೈದ್ಯರ ಪಟ್ಟಿಯಲ್ಲಿ ರೋಗದ ಕಾಲಮ್ಮಿನಲ್ಲಿ ಕೂತಿತ್ತು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಅದನ್ನು ಹೊಡೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆಗೆ ಅದೇ ಬುದ್ಧಿ ಬರಲು 1990ರ ಮೇ 17ರವರೆಗೆ ಕಾಯಬೇಕಾಯಿತು. ಒಂದು ಗುಳಿಗೆಯನ್ನೂ ನುಂಗದೆ, ಬರೀ ಸಭೆಯ ನಿರ್ಣಯದಿಂದ ಲೋಕದ ತುಂಬ ಜನ ಏಕಕಾಲಕ್ಕೆ ವಾಸಿಯಾದ ಉದಾಹರಣೆ ವೈದ್ಯಚರಿತ್ರೆಯಲ್ಲಿ ಅಪರೂಪ. ಆದರೆ ಇದರಿಂದ ಒಂದು ಹುದ್ದೆ ಖಾಲಿ ಬಿತ್ತು. ಪ್ರೀತಿ ರೋಗದ ಕಾಲಮ್ಮಿನಿಂದ ಎದ್ದು ಔಷಧದ ಕಾಲಮ್ಮಿಗೆ ಹೋಗಿ ಕೂತಿತು. ಔಷಧವೇನೋ ಸಿಕ್ಕಿತು, ಕೊಡೋಣವೆಂದರೆ ರೋಗವಿಲ್ಲ. ಆ ಖಾಲಿ ಜಾಗಕ್ಕೆ ನೇಮಕಗೊಂಡದ್ದೇ ನೊಂದ ಗತಕಾಲ. ಕುಡುಕ ಅಪ್ಪ, ಬೇಗ ತೀರಿಕೊಂಡ ಅಮ್ಮ, ಮನೆಯಿಂದ ಹೊರದಬ್ಬಿದ ಬಂಧುಗಳು, ಯುದ್ಧದಿಂದ ಮರಳಿದ ಮೇಲಿನ ಕೆಟ್ಟ ಕನಸು, ಕೈಕೊಟ್ಟ ಹಳೆಯ ಗೆಳೆಯ: ಅರ್ಜಿದಾರರಿಗೆ ಬರವೇ ಇಲ್ಲ. ಗತಕಾಲ ಎಷ್ಟು ಕೆಟ್ಟದೋ ಪುಸ್ತಕ ಅಷ್ಟು ದಪ್ಪ.

ಪ್ರೀತಿ ಇನ್ನೂ ರೋಗದ ಕಾಲಮ್ಮಿನಲ್ಲಿದ್ದಾಗಲೇ ಅದನ್ನು ಔಷಧವಾಗಿ ಕೊಟ್ಟು ನೋಡಿದವನು ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್. ಅವನು 1913–14ರಲ್ಲಿ ಬರೆದ ‘ಮಾರಿಸ್’ ನಮ್ಮ ಶಾಸ್ತ್ರದ ಮೂಲಗ್ರಂಥ. ಅದರ ನಾಯಕ ಷೇರುಪೇಟೆಯ ದಲ್ಲಾಳಿ, ಮರ್ಯಾದಸ್ಥ ಕುಟುಂಬದವನು, ಕಾಲೇಜಿನ ಗೆಳೆಯ ಪ್ರೀತಿಸಿ ಕೈಬಿಟ್ಟು ಮದುವೆಯಾದ ಮೇಲೆ ಒಳಗೊಳಗೇ ಕೊಳೆಯುತ್ತಿರುವವನು. ಪರಿಚಯದ ವೈದ್ಯರಲ್ಲಿ ಹೇಳಿಕೊಂಡರೆ ಅವರು ಅಸಂಬದ್ಧವೆಂದು ಬಾಯಿ ಮುಚ್ಚಿಸುತ್ತಾರೆ. ಸಂಮೋಹನದ ತಜ್ಞನೊಬ್ಬನ ಹತ್ತಿರ ಹೋದರೆ ಆತ ಕಣ್ಣು ಮುಚ್ಚಿಸಿ ಮಲಗಿಸಿ ಸೋತು, ಇಂಥದ್ದು ಅಪರಾಧವಲ್ಲದ ಫ್ರಾನ್ಸಿಗೋ ಇಟಲಿಗೋ ಹೋಗಿ ನೆಲೆಸು ಎಂದು ಸಲಹೆ ಕೊಡುತ್ತಾನೆ. ಹವಾ ಬದಲಾವಣೆ ಎಂದು ಬರೆದುಕೊಟ್ಟು ರೋಗಿಯನ್ನು ಸಾಗಹಾಕುವ ಪದ್ಧತಿ ನಮ್ಮಲ್ಲೂ ಹಳೆಯದೇ. ಕೊನೆಗೆ ಗುಣಪಡಿಸಿದ್ದು ಯಾವ ಪದವಿಯೂ ಇಲ್ಲದ ಅಲೆಕ್ ಸ್ಕಡರ್ ಎಂಬ ಎಸ್ಟೇಟಿನ ಬೇಟೆಕಾವಲುಗಾರ, ಬಳಸಿದ ಉಪಕರಣ ಒಂದು ಏಣಿ. ರಾತ್ರಿ ಕಿಟಕಿಯಿಂದ ಬಂದ. ಅರ್ಜೆಂಟೀನಾಕ್ಕೆ ಹಡಗಿನ ಟಿಕೆಟು ಕೊಂಡಿದ್ದವನು ಹಡಗು ಹತ್ತದೆ ಉಳಿದ. ಶುಲ್ಕ ತೆಗೆದುಕೊಳ್ಳಲಿಲ್ಲ. ಗುಣವಾಯಿತು ಎನ್ನುವ ಕಾರಣಕ್ಕೇ ಆ ಪುಸ್ತಕ ಫಾರ್ಸ್ಟರನ ಜೀವಮಾನದಲ್ಲಿ ಅಚ್ಚಾಗಲಿಲ್ಲ ಎಂಬುದನ್ನು ಗಮನಿಸಬೇಕು. ಕೊನೆಯಲ್ಲಿ ಯಾರಾದರೂ ನೇಣಿಗೆ ಜೋತುಬಿದ್ದಿದ್ದರೆ ತೊಂದರೆಯೇ ಇರುತ್ತಿರಲಿಲ್ಲ ಎಂಬರ್ಥದ ಮಾತನ್ನು ಅವನೇ 1960ರ ಟಿಪ್ಪಣಿಯಲ್ಲಿ ಬರೆದಿದ್ದಾನೆ. ಇಂಥ ಪ್ರೀತಿಯನ್ನು ಅಪರಾಧವೆನ್ನುತ್ತಿದ್ದ ಇಂಗ್ಲೆಂಡಿನ ಕಾನೂನು 1967ರಲ್ಲಿ ಸಡಿಲಾಯಿತು, ಫಾರ್ಸ್ಟರ್ 1970ರಲ್ಲಿ ತೀರಿಕೊಂಡ, ಪುಸ್ತಕ 1971ರಲ್ಲಿ ಹೊರಬಂತು. ರೋಗಿ ಸತ್ತರೆ ಸಾಹಿತ್ಯ, ಬದುಕಿದರೆ ಅಶ್ಲೀಲ ಎಂಬುದು ಆ ಕಾಲದ ಸಂಪಾದಕೀಯ ನೀತಿಯಾಗಿತ್ತು.

ದಲ್ಲಾಳಿಗೆ ಕಾವಲುಗಾರನೇ ಏಕೆ ಬೇಕು, ಇನ್ನೊಬ್ಬ ದಲ್ಲಾಳಿ ಏಕಾಗದು? ಇದಕ್ಕೆ ಉತ್ತರ ಚರಕಸಂಹಿತೆಯಲ್ಲಿದೆ. ಸಮಾನವಾದದ್ದು ಸಮಾನವಾದದ್ದನ್ನು ಬೆಳೆಸುತ್ತದೆ, ಭಿನ್ನವಾದದ್ದು ಇಳಿಸುತ್ತದೆ ಎಂಬುದು ಅಲ್ಲಿನ ಮೂಲತತ್ತ್ವ. ಉಷ್ಣಕ್ಕೆ ಶೀತ, ರೂಕ್ಷಕ್ಕೆ ಸ್ನಿಗ್ಧ. ಗಂಟುಮೋರೆಯವನಿಗೆ ಇನ್ನೊಬ್ಬ ಗಂಟುಮೋರೆಯವನನ್ನು ಕಟ್ಟಿದರೆ ಗಂಟು ಎರಡಾಗುತ್ತದೆಯೇ ಹೊರತು ಬಿಚ್ಚುವುದಿಲ್ಲ. ಇಲ್ಲಿ ಹೋಮಿಯೋಪತಿಯ ಪೂರ್ವಪಕ್ಷಿಗಳು ಎದ್ದುನಿಲ್ಲುತ್ತಾರೆ. ಅವರ ಮೂಲಪುರುಷ ಹಾನಿಮನ್ 1796ರಷ್ಟು ಹಿಂದೆಯೇ ಸಮಕ್ಕೆ ಸಮವೇ ಮದ್ದೆಂದು ಹೇಳಿದ್ದಾನೆ. ಇಬ್ಬರೂ ಗಂಡಸರಾಗಿರುವಾಗ, ವಿಷಯದ ಹೆಸರಿನಲ್ಲೇ ಸಮತ್ವ ಇರುವಾಗ, ಈ ಇಡೀ ಶಾಖೆ ತಮಗೇ ಸೇರಬೇಕೆಂದು ಅವರ ಹಕ್ಕೊತ್ತಾಯ. ಉಚ್ಚಾರಣೆಯ ದೃಷ್ಟಿಯಿಂದ ಈ ವಾದಕ್ಕೆ ಬಲವಿದೆ ಎಂದು ಒಪ್ಪುತ್ತೇವೆ. ಆದರೆ ಹೋಮಿಯೋಪತಿಯಲ್ಲಿ ಔಷಧ ತೆಳುವಾದಷ್ಟೂ ಅದರ ಶಕ್ತಿ ಹೆಚ್ಚು. ಈ ಕಾದಂಬರಿಗಳಲ್ಲಿ ಹಾಗಿಲ್ಲ. ನಾಯಕ ಕಣ್ಣಿಗೆ ಬೀಳದೆ ಇಪ್ಪತ್ತು ಪುಟ ಕಳೆದರೆ ಓದುಗರೇ ಕಾಯಿಲೆ ಬೀಳುತ್ತಾರೆ. ಲಿಂಗದಲ್ಲಿ ಸಮ, ಗುಣದಲ್ಲಿ ವಿಷಮ ಎಂಬ ಈ ಮಿಶ್ರಪದ್ಧತಿಯನ್ನು ಆಯುಷ್ ಸಚಿವಾಲಯ ಪ್ರತ್ಯೇಕ ಶಾಖೆಯಾಗಿ ಮಾನ್ಯ ಮಾಡುವುದೇ ನ್ಯಾಯ.

ಆದರೆ ಚರಕನನ್ನು ನೆಚ್ಚಿದವರಿಗೆ ಅವನಿಂದಲೇ ಒಂದು ಪೆಟ್ಟು ಕಾದಿದೆ. ಭಿನ್ನ ಗುಣದ ಔಷಧವನ್ನು ಹೊಗಳುವ ಅದೇ ಗ್ರಂಥ ವಿರುದ್ಧಾಹಾರವನ್ನು ಬಲವಾಗಿ ನಿಷೇಧಿಸುತ್ತದೆ, ಅದರಲ್ಲಿ ಹಾಲು ಮತ್ತು ಮೀನಿನ ಜೋಡಿ ಮುಖ್ಯವಾದದ್ದು. ಕರಾವಳಿಯ ಮನೆಗಳಲ್ಲೂ ಮೀನೂಟದ ಮೇಲೆ ಹಾಲು ಕೇಳಿದರೆ ಅಜ್ಜಿಯರು ಬಿಡುವುದಿಲ್ಲ. ಹಾಗಿರುವಾಗ ರೇಚಲ್ ರೀಡ್ 2019ರಲ್ಲಿ ಬರೆದ, 2025ರ ಕೊನೆಯಲ್ಲಿ ಕೆನಡಾದ ಕಿರುತೆರೆ ಸರಣಿಯಾಗಿ ಊರೂರಿಗೆ ಹಬ್ಬಿದ ‘ಹೀಟೆಡ್ ರೈವಲ್ರಿ’ಯಲ್ಲಿ ನಡೆಯುವುದೇನು? ಶೇನ್ ಕೆನಡಾದವನು, ಶಿಸ್ತಿನವನು, ಅಳೆದು ತೂಗಿ ಮಾತಾಡುವವನು. ಇಲ್ಯಾ ರಷ್ಯಾದವನು, ಬಾಯಿ ಜೋರು, ಎಳೆತನದಲ್ಲೇ ತಾಯಿಯನ್ನು ಕಳೆದುಕೊಂಡು ಕಟುಕ ಮನಸ್ಸಿನ ಅಪ್ಪನ ಕೈಕೆಳಗೆ ಬೆಳೆದವನು. ಇಬ್ಬರೂ ಐಸ್ ಹಾಕಿಯಲ್ಲಿ ಎದುರಾಳಿ ತಂಡಗಳ ಆಟಗಾರರು. ವರ್ಷಗಟ್ಟಲೆ ಕದ್ದು ಭೇಟಿಯಾದ ಮೇಲೆ ಒಂದು ದಿನ ಇಲ್ಯಾ ತನ್ನ ಮನೆಯಲ್ಲಿ ಶೇನ್‌ಗೆ ಟ್ಯೂನಾ ಮೆಲ್ಟ್ ಮಾಡಿಕೊಡುತ್ತಾನೆ. ಅಂದರೆ ಬ್ರೆಡ್ಡಿನ ಮೇಲೆ ಮೀನು, ಮೀನಿನ ಮೇಲೆ ಕರಗಿದ ಚೀಸು. ಚೀಸು ಹಾಲಿನ ಮಗಳೆಂಬುದು ನಿರ್ವಿವಾದ. ಪಶ್ಚಿಮದ ವಿಮರ್ಶಕರು ಈ ತಿಂಡಿಯಲ್ಲಿ ವಾತ್ಸಲ್ಯವನ್ನು ಮಾತ್ರ ಕಂಡರು, ದೋಷವನ್ನು ಕಾಣಲಿಲ್ಲ. ಶಾಸ್ತ್ರ ಬಲ್ಲವರಿಗೆ ಮುಂದಿನದು ಮೊದಲೇ ಗೊತ್ತು: ತಿಂದ ಸ್ವಲ್ಪ ಹೊತ್ತಿನಲ್ಲೇ ಶೇನ್ ಗಾಬರಿಬಿದ್ದು ಮನೆಯಿಂದ ಓಡಿಹೋಗುತ್ತಾನೆ. ಚರಕ ಸುಳ್ಳಾಗಲಿಲ್ಲ. ಆದರೆ ಕೊನೆಯಲ್ಲಿ ಇಬ್ಬರೂ ಕೂಡುತ್ತಾರಾದ್ದರಿಂದ, ವಿರುದ್ಧಾಹಾರ ಮೊದಲು ಕೆದಕಿ ಆಮೇಲೆ ಒಗ್ಗುತ್ತದೆ ಎಂಬ ತಿದ್ದುಪಡಿ ಅಗತ್ಯ. ಇಲ್ಯಾ ಮನೆಯಲ್ಲಿ ಶೇನ್‌ಗೆಂದೇ ಜಿಂಜರ್ ಏಲ್ ತಂದಿಟ್ಟಿರುತ್ತಾನೆ ಎಂಬ ಸೂಕ್ಷ್ಮವನ್ನೂ ಬಿಡುವ ಹಾಗಿಲ್ಲ. ಶುಂಠಿಯಿಲ್ಲದ ಕಷಾಯವಿಲ್ಲ ಎಂಬ ನಮ್ಮ ಗಾದೆಗೆ ಅಟ್ಲಾಂಟಿಕ್ ದಾಟಿದ ಮಾನ್ಯತೆ ಸಿಕ್ಕಿರುವುದು ಅಲ್ಲಿಯೇ.

ಈಗ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಪ್ರೀತಿ ಯಾವ ಮಾನಸಿಕ ಕಾಯಿಲೆಯನ್ನೂ ವಾಸಿ ಮಾಡುವುದಿಲ್ಲ, ಪ್ರಿಯಕರನನ್ನು ಡಾಕ್ಟರನ್ನಾಗಿ ಮಾಡಿದರೆ ಇಬ್ಬರೂ ಮುಳುಗುತ್ತಾರೆ ಎನ್ನುತ್ತಾರೆ ಮನಶ್ಶಾಸ್ತ್ರಜ್ಞರು. ಹೊರಗಿನವರು ಹೇಳಿದ್ದರೆ ತಳ್ಳಿಹಾಕಬಹುದಿತ್ತು. ಇದನ್ನು ಹೇಳಿರುವುದು ನಮ್ಮ ಶಾಸ್ತ್ರದೊಳಗಿನ ಗ್ರಂಥವೇ. ಆಲಿಸ್ ಓಸ್ಮನ್ 2016ರಲ್ಲಿ ಅಂತರ್ಜಾಲದಲ್ಲಿ ಬಿಡಿಸತೊಡಗಿದ ‘ಹಾರ್ಟ್‌ಸ್ಟಾಪರ್’ ಚಿತ್ರಕಥೆಯಲ್ಲಿ ನಿಕ್ ರಗ್ಬಿ ಆಡುವ ದಾಂಡಿಗ ಹುಡುಗ, ಚಾರ್ಲಿ ಶಾಲೆಯಲ್ಲಿ ಪೀಡನೆ ಅನುಭವಿಸಿದ ಮೆದು ಹುಡುಗ. ಜೋಡಿ ಸೂತ್ರಬದ್ಧವಾಗಿದೆ. ಆದರೆ ಚಾರ್ಲಿ ಊಟ ಬಿಡತೊಡಗಿದಾಗ, ಪ್ರೀತಿಯಿಂದ ಕಾಯಿಲೆ ವಾಸಿಯಾಗದು ಎಂದು ನಿಕ್‌ಗೆ ಅವನ ಅಮ್ಮನೇ ತಿಳಿಹೇಳುತ್ತಾಳೆ, ಚಾರ್ಲಿ ಆಸ್ಪತ್ರೆಗೆ ಸೇರುತ್ತಾನೆ. ಇಲ್ಲಿ ನಮ್ಮ ಸಿದ್ಧಾಂತ ಕುಸಿಯಿತೆಂದು ಎದುರಾಳಿಗಳು ಚಪ್ಪಾಳೆ ತಟ್ಟಬಹುದು. ಕುಸಿಯಲಿಲ್ಲ, ಸರಿದು ಕೂತಿತು ಅಷ್ಟೆ. ನಮ್ಮ ವೈದ್ಯರು ಔಷಧವನ್ನೂ ಪಥ್ಯವನ್ನೂ ಎಂದೂ ಒಂದೇ ಎಂದವರಲ್ಲ. ಔಷಧವನ್ನು ಕೊಡುವವನು ವೈದ್ಯ. ಪಥ್ಯವೆಂದರೆ ಪಕ್ಕದಲ್ಲಿ ಕೂತು ಗಂಜಿ ಆರಿಸಿಕೊಡುವುದು, ಉಪ್ಪಿನಕಾಯಿ ಡಬ್ಬಿ ಬಚ್ಚಿಡುವುದು, ನಿದ್ದೆ ಬಂತೇ ಎಂದು ಮೂರು ಸಲ ಎಬ್ಬಿಸಿ ಕೇಳುವುದು. ಪಥ್ಯವಿಲ್ಲದೆ ಔಷಧ ಹತ್ತುವುದಿಲ್ಲ ಎಂಬುದು ಹಳಬರ ಮಾತು. ಆದ್ದರಿಂದ ಮೇಲಿನ ಎಲ್ಲ ಪ್ಯಾರಾಗಳಲ್ಲಿ ಔಷಧ ಎಂದಿರುವ ಕಡೆ ಪಥ್ಯ ಎಂದು ಓದಿಕೊಳ್ಳತಕ್ಕದ್ದು. ವಿರುದ್ಧ ಸ್ವಭಾವದವನು ಬೇಕಾಗುವುದೂ ಇದಕ್ಕೇ: ಇಬ್ಬರಿಗೂ ಒಂದೇ ಹೊತ್ತಿಗೆ ಉಪ್ಪಿನಕಾಯಿ ಬೇಕೆನ್ನಿಸಿದರೆ ಡಬ್ಬಿ ಬಚ್ಚಿಡುವವರು ಯಾರು?

ಪಥ್ಯ ಕೆಟ್ಟ ಉದಾಹರಣೆಯೂ ಶಾಸ್ತ್ರಕ್ಕೆ ಬೇಕು. ಆನಿ ಪ್ರೂ 1997ರಲ್ಲಿ ಬರೆದ ‘ಬ್ರೋಕ್‌ಬ್ಯಾಕ್ ಮೌಂಟನ್’ ಕಥೆಯಲ್ಲಿ ಮಾತೇ ಆಡದ ಎನ್ನಿಸ್, ಮಾತು ನಿಲ್ಲಿಸದ ಜ್ಯಾಕ್. ಎನ್ನಿಸ್‌ಗೆ ಬಾಲ್ಯದ ಗಾಯವೂ ಇದೆ, ಗಂಡಸಿನ ಜೊತೆ ಬಾಳಿದ್ದಕ್ಕೆ ಕೊಲೆಯಾದವನ ಹೆಣವನ್ನು ಅಪ್ಪನೇ ಕರೆದೊಯ್ದು ತೋರಿಸಿದ್ದ. ಸಾಮಗ್ರಿಗಳೆಲ್ಲ ಸರಿಯಾಗಿದ್ದೂ ಪಾಕ ಕೆಟ್ಟಿತು. ಎನ್ನಿಸ್ ಜೊತೆಗಿರಲು ಒಪ್ಪಲಿಲ್ಲ, ಜ್ಯಾಕ್ ಸತ್ತ. 2005ರಲ್ಲಿ ಸಿನಿಮಾ ಬಂದ ಮೇಲೆ ಓದುಗರು ಕಥೆಗೆ ಸುಖದ ಕೊನೆ ಬರೆದು ಬರೆದು ಲೇಖಕಿಗೇ ಕಳಿಸತೊಡಗಿದರು. ಈ ಕಥೆಯನ್ನು ಬರೆಯದೇ ಇದ್ದಿದ್ದರೆ ಚೆನ್ನಿತ್ತು ಎನ್ನುವಷ್ಟು ಆಕೆ ಬೇಸತ್ತರು. ಲೇಖಕಿಯ ಕಷ್ಟ ನಿಜ. ಆದರೂ ಪೋಸ್ಟ್‌ಮಾರ್ಟಂ ವರದಿ ಓದಿ, ಇಲ್ಲ, ಇವನು ಬದುಕುತ್ತಾನೆ ಎಂದು ಹಟ ಹಿಡಿಯುವ ಅಷ್ಟೊಂದು ಜನ ಯಾವ ಸಾಹಿತ್ಯಪ್ರಕಾರಕ್ಕೆ ಸಿಕ್ಕಿದ್ದಾರೆ? ಇವತ್ತಿನ ಗುಣವಾಗುವ ಕಾದಂಬರಿಗಳ ಅರ್ಧ ಪಾಲು ಆ ಟಪಾಲಿನ ಮುಂದುವರಿಕೆ ಎಂದು ನಾವು ಊಹಿಸುತ್ತೇವೆ. ಊಹೆಯನ್ನು ಊಹೆಯೆಂದೇ ಹೇಳುವುದು ಈ ಪ್ರಬಂಧದ ಏಕೈಕ ವಿನಯ.

ಕೊನೆಯ ಆಕ್ಷೇಪಕ್ಕೆ ನಮ್ಮಲ್ಲಿ ಪೂರ್ತಿ ಸಮಾಧಾನವಿಲ್ಲ. ಗಂಡು–ಹೆಣ್ಣಿನ ಪ್ರಣಯಕಥೆಯಲ್ಲಿ ನಾಯಕನಿಗೆ ಒಂದಿಷ್ಟು ಆಸ್ತಿ, ಒಂದಿಷ್ಟು ಅಹಂಕಾರ ಇದ್ದರೆ ಸುಖ ಮಂಜೂರಾಗುತ್ತದೆ. ಇಬ್ಬರು ಗಂಡಸರಿಗೆ ಮಾತ್ರ ಗಾಯದ ಸರ್ಟಿಫಿಕೇಟು ಏಕೆ ಕೇಳಬೇಕು? ನೊಂದವರಿಗಷ್ಟೇ ಸುಖ ಎನ್ನುವುದು ರೋಗದ ಕಾಲಮ್ಮನ್ನು ಹಿತ್ತಲ ಬಾಗಿಲಿನಿಂದ ಒಳಗೆ ಕರೆದಂತಲ್ಲವೇ? ಗಾಯ ಎಲ್ಲಿಂದ ಬಂತೆಂದು ಕೇಳಿದರೆ ಈ ಪ್ರಶ್ನೆಯ ಮೊನೆ ಸ್ವಲ್ಪ ಮೊಂಡಾಗುತ್ತದೆ. ಭಾರತದಲ್ಲಿ ಈ ಪ್ರೀತಿಯನ್ನು ಅಪರಾಧವೆಂದು ಬ್ರಿಟಿಷರು 1860ರಲ್ಲಿ ಬರೆದಿಟ್ಟ 377ನೇ ಕಲಮಿನ ಹಲ್ಲು ಕೀಳಲು ಸುಪ್ರೀಂ ಕೋರ್ಟಿಗೆ 2018ರ ಸೆಪ್ಟೆಂಬರ್ 6ರವರೆಗೆ ಬೇಕಾಯಿತು. ಸಲಿಂಗಿಗಳನ್ನು ‘ಸರಿಪಡಿಸುವ’ ಚಿಕಿತ್ಸೆ ವೈದ್ಯವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದ್ದು 2022ರಲ್ಲಿ, ಅದೂ ಮದ್ರಾಸ್ ಹೈಕೋರ್ಟು ಬೆನ್ನು ಹತ್ತಿದ ಮೇಲೆ. ಹೀಗೆ ಬರೆ ಎಳೆದದ್ದು ವೈದ್ಯರೂ ಕಾನೂನೂ, ಬೆಣ್ಣೆ ಹಚ್ಚುತ್ತಿರುವುದು ಕಾದಂಬರಿಕಾರರು. ಕನ್ನಡದಲ್ಲಿ ಬೆಣ್ಣೆ ಇನ್ನೂ ಕಡಿಮೆ. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ ಅದರ ನಾಯಕನಿಗೆ ಸಿಕ್ಕ ಗೆಳೆಯ ಹುಡುಗಿಯನ್ನು ಮದುವೆಯಾಗಿ ಹೊರಟುಹೋದ. ಮೋಹನಸ್ವಾಮಿ ಕಿಲಿಮಂಜಾರೋ ಹತ್ತಬೇಕಾಯಿತು. ಪಥ್ಯಕ್ಕೆ ಒಬ್ಬ ಗಂಟುಮೋರೆಯವನಾದರೂ ಸಿಗುವುದಕ್ಕೆ ಮೊದಲು ನಮ್ಮವರು ಆಫ್ರಿಕಾದ ಅತಿ ಎತ್ತರದ ಪರ್ವತಕ್ಕೆ ಹೋಗಿಬರಬೇಕಾದ ಪರಿಸ್ಥಿತಿ ಇದೆ.

ಗಾಯದ ಸರ್ಟಿಫಿಕೇಟು ಇಲ್ಲದೆಯೂ ಈ ಪಥ್ಯ ನಡೆಯುತ್ತದೆಂಬುದಕ್ಕೆ ಒಂದು ದಾಖಲೆಯಿದೆ, ಅದು ಕಾದಂಬರಿಯಲ್ಲ. ಫಾರ್ಸ್ಟರನಿಗೆ ‘ಮಾರಿಸ್’ ಹೊಳೆದದ್ದು 1913ರಲ್ಲಿ ಶೆಫೀಲ್ಡಿನ ಹತ್ತಿರದ ಮಿಲ್‌ತಾರ್ಪ್ ಹಳ್ಳಿಯ ಒಂದು ಮನೆಯಲ್ಲಿ, ಆ ಮನೆಯ ಜಾರ್ಜ್ ಮೆರಿಲ್ ತನ್ನನ್ನು ಹಿಂದಿನಿಂದ, ಪೃಷ್ಠದ ತುಸು ಮೇಲೆ, ಮೆಲ್ಲಗೆ ಮುಟ್ಟಿದಾಗ ಎಂದು ಅವನೇ ಬರೆದಿಟ್ಟಿದ್ದಾನೆ. ಮೆರಿಲ್ ಕೊಳೆಗೇರಿಯಲ್ಲಿ ಬೆಳೆದವನು, ಓದು ಕಡಿಮೆ, ಆ ಮನೆಯ ಅಡುಗೆ–ಕಸ ಅವನದೇ. ಜೊತೆಗಾರ ಎಡ್ವರ್ಡ್ ಕಾರ್ಪೆಂಟರ್ ಕೇಂಬ್ರಿಜ್‌ನಲ್ಲಿ ಓದಿ, ಪಾದ್ರಿಯಾಗಿ, ಅದನ್ನು ಬಿಟ್ಟು, ಕಾಶ್ಮೀರದಿಂದ ಬಂದ ಜೋಡಿನ ಮಾದರಿ ನೋಡಿ ಚಪ್ಪಲಿ ಹೊಲಿಯುತ್ತಿದ್ದ ಸಸ್ಯಾಹಾರಿ. ಇಂಥದೇ ಪ್ರೀತಿಗಾಗಿ ಲೇಖಕ ಆಸ್ಕರ್ ವೈಲ್ಡ್ ಜೈಲಿಗೆ ಹೋದ ಮೂರು ವರ್ಷಕ್ಕೆ, 1898ರಲ್ಲಿ, ಇಬ್ಬರೂ ಒಂದೇ ಸೂರಿನಡಿ ಇರತೊಡಗಿದರು. 1928ರ ಜನವರಿಯಲ್ಲಿ ಮೆರಿಲ್ ಸತ್ತ, ಮರುವರ್ಷ ಜೂನ್‌ನಲ್ಲಿ ಕಾರ್ಪೆಂಟರ್. ಗಿಲ್ಡ್‌ಫರ್ಡಿನ ಸ್ಮಶಾನದಲ್ಲಿ ಇಬ್ಬರಿಗೂ ಒಂದೇ ಗೋರಿ.