ಪರಂಗಿಮಲೈ ಬ್ಯಾಂಡಿನ ಹುಡುಗ

ಕೇಳಿಸ್ತಾ ಇದೆಯಾ ರಾಯರೇ? ಇವತ್ತು ಆರು ಗಂಟೆಗೆಲ್ಲ ಶುರು ಹಚ್ಚಿಕೊಂಡುಬಿಟ್ಟಿದ್ದಾರೆ. ಗಾಳಿ ಈ ಕಡೆ ಬೀಸಿದರೆ ಪೂರ್ತಿ ಬ್ಯಾಂಡು, ಆ ಕಡೆ ತಿರುಗಿದರೆ ಬರೀ ದೊಡ್ಡ ಡ್ರಮ್ಮಿನ ಗುಮ್ ಗುಮ್. ಮಧ್ಯೆ ಒಂದು ವಿಮಾನ ಮೀನಂಬಾಕ್ಕಂ ಕಡೆ ಇಳಿದರೆ ಅದೂ ಇಲ್ಲ. ಪರಂಗಿಮಲೈ ಸುತ್ತಮುತ್ತ ಇರೋರಿಗೆ ಮಾರ್ಚ್, ಸೆಪ್ಟೆಂಬರ್ ಬಂತು ಅಂತ ಕ್ಯಾಲೆಂಡರ್ ನೋಡಬೇಕಾಗಿಲ್ಲ. ಸೇನಾಧಿಕಾರಿಗಳನ್ನು ತಯಾರು ಮಾಡೋ ಇಲ್ಲಿಯ ಅಕಾಡೆಮಿಯ ಪಾಸಿಂಗ್ ಔಟ್ ಪರೇಡ್ ಹತ್ತಿರ ಬಂತು ಅಂತ ಕಿವಿಗೇ ಗೊತ್ತಾಗಿಬಿಡುತ್ತೆ, ಅಲ್ವಾ?

ಈ ಸಲ ನಮ್ಮ ಮನೆಯಲ್ಲಿ ಎಲ್ಲರ ಕಿವಿಯೂ ಆ ಕಡೆಗೇ. ಕಾರಣ ನಿಮಗೆ ಗೊತ್ತಲ್ಲ, ಹಾಸನದ ನಮ್ಮ ಅತ್ತಿಗೆಯ ಮಗ ಆ ಬ್ಯಾಂಡಿನಲ್ಲಿದ್ದಾನೆ. ಹೋದ ಭಾನುವಾರ ಔಟ್‌ಪಾಸ್ ತಗೊಂಡು ಬಂದಿದ್ದನಲ್ಲ, ತಲೆಕೂದಲು ಅಷ್ಟು ಚಿಕ್ಕದಾಗಿ ಕತ್ತರಿಸಿಕೊಂಡ ಹುಡುಗ, ಅವನೇ. ಇನ್ನೂ ಕಲಿಯೋ ಹಂತ. ಹಿರಿಯರ ಜೊತೆ ಕರಕೊಂಡು ಬಂದಿದ್ದಾರೆ. ಅವನು ಊದೋದು ಯೂಫೋನಿಯಮ್. ಎದೆಗೆ ಅಪ್ಪಿ ಹಿಡಿದು ಊದೋ ಹಿತ್ತಾಳೆ ವಾದ್ಯ. ಮೇಲೆ ರಾಗ ಎತ್ತೋ ಟ್ರಂಪೆಟ್ಟಿಗೂ ಕೆಳಗೆ ತಳ ಹಿಡಿಯೋ ಟ್ಯೂಬಾಗೂ ನಡುವಿನ ದನಿ. ಬಂದವನು ಬಿಸಿಬೇಳೆಬಾತ್ ಎರಡು ಸಲ ಹಾಕಿಸಿಕೊಂಡ, ಉಪ್ಪಿನಕಾಯಿ ಮಾತ್ರ ಮುಟ್ಟಲಿಲ್ಲ. ಯಾಕೋ ಅಂದರೆ, ಈ ವಾರ ತುಟಿ ಉರಿದರೆ ಕೆಲಸ ಕೆಡುತ್ತೆ ಅಂದ. ಆಮೇಲೆ ಉಯ್ಯಾಲೆ ಮೇಲೆ ಕೂತವನು ಕೂತಲ್ಲೇ ನಿದ್ದೆ. ಪಾಪ, ವಾರಪೂರ್ತಿ ಅವನಿಗೆ ಸಿಕ್ಕ ವಿರಾಮ ಅಂದರೆ ಅದೇ.

ಸೋಮವಾರದಿಂದ ನೋಡಿ, ಉಸಿರಾಡೋಕೂ ಪುರುಸೊತ್ತಿಲ್ಲ. ಬೆಳಗಿನ ಜಾವ ಎಲ್ಲ ಸಿಪಾಯಿಗಳ ಹಾಗೆ ಪಿ.ಟಿ. ಅದಾದ ಮೇಲೆ ಒಂದೇ ಒಂದು ಸ್ವರವನ್ನು ಉಸಿರು ಇರೋತನಕ ಅಲುಗಾಡದ ಹಾಗೆ ಹಿಡಿಯೋ ಸಾಧಕ. ನಮ್ಮ ಪಾಟೀಲರ ಮಗಳು ಬೆಳಿಗ್ಗೆ ತಂಬೂರಿ ಮೀಟಿಕೊಂಡು ಆಧಾರ ಷಡ್ಜ ಹಿಡೀತಾಳಲ್ಲ, ಇವರದೂ ಅದೇ ಅಭ್ಯಾಸ. ಆಮೇಲೆ ವಾದ್ಯಗಳವಾರು ಕೂತು ಪಾಠ, ಆಮೇಲೆ ಮೈದಾನದ ತಾಲೀಮು, ಸಂಜೆ ಮತ್ತೆ ತಾಲೀಮು. ರಾತ್ರಿ ಆಫೀಸರ್ಸ್ ಮೆಸ್‌ನಲ್ಲಿ ಔತಣ ಇದ್ದರೆ ಅಲ್ಲಿಗೂ ಹೋಗಿ ಮೆಲ್ಲಗೆ ಸಿನಿಮಾ ಹಾಡು ನುಡಿಸಬೇಕು. ಹಗಲೆಲ್ಲ ಮೈದಾನ ತುಂಬೋ ಹಾಗೆ ಊದಿದ ಬಾಯಿ, ರಾತ್ರಿ ಊಟದ ಮಾತುಕತೆಗೆ ಅಡ್ಡಿಯಾಗದ ಹಾಗೆ ಊದಬೇಕು. ಮೆಲ್ಲಗೆ ಊದೋದೇ ಕಷ್ಟ ಅಂತಾನೆ ಹುಡುಗ.

ಮೈದಾನದ ಕೆಲಸ ಇನ್ನೂ ಬೇರೆ. ತೇಜ್ ಚಲ್ ಅಂದರೆ ನಿಮಿಷಕ್ಕೆ 120 ಹೆಜ್ಜೆ, ಧೀರೇ ಚಲ್ ಅಂದರೆ 70. ಒಂದೊಂದು ಹೆಜ್ಜೆ 30 ಇಂಚು. ಕಾಲು ಅದನ್ನು ಲೆಕ್ಕ ಹಾಕ್ತಿರಬೇಕು, ಕಡೆಗಣ್ಣು ಪಕ್ಕದವನ ಸಾಲು ನೋಡ್ತಿರಬೇಕು, ನೇರ ಕಣ್ಣು ಮುಂದೆ ಹೋಗೋ ಡ್ರಮ್ ಮೇಜರನ ಕೋಲಿನ ಮೇಲಿರಬೇಕು. ನಿಲ್ಲೋದು, ತಿರುಗೋದು, ಹಾಡು ಬದಲಿಸೋದು ಎಲ್ಲ ಆ ಕೋಲಿನ ಸನ್ನೆಯಲ್ಲೇ. ಬಾಯಲ್ಲಿ ಹೇಳಿದರೆ ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು ಹೇಳಿ? ಹಿಮ್ಮಡಿ ಜೋರಾಗಿ ಊರಿದರೆ ವಾದ್ಯದ ಬಾಯಿ ಹಲ್ಲಿಗೆ ಬಂದು ಬಡಿಯುತ್ತೆ. ಹಾಗಾಗಿ ಕೆಳಗೆ ಕಾಲು ಸಿಪಾಯಿಯದು, ಸೊಂಟದಿಂದ ಮೇಲೆ ನೀರು ತುಂಬಿದ ಕೊಡ ಹೊತ್ತವರ ಹಾಗೆ ಅಲುಗಾಡಬಾರದು.

ಹುಡುಗ ಹೇಳಿದ ಇನ್ನೊಂದು ಸಂಗತಿ ನನಗೆ ಭಾರಿ ಹಿಡಿಸಿತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ಸರಿ ತಾನೆ? 120ರ ಗತಿಯಲ್ಲಿ ಒಂದು ಹೆಜ್ಜೆಗೆ ಅರ್ಧ ಸೆಕೆಂಡು. ಅಂದರೆ ಬ್ಯಾಂಡಿನಿಂದ 170 ಮೀಟರ್ ದೂರದಲ್ಲಿ ನಡೆಯೋರಿಗೆ ಡ್ರಮ್ಮಿನ ಪೆಟ್ಟು ಮುಟ್ಟೋ ಹೊತ್ತಿಗೆ ಇಲ್ಲಿ ಮುಂದಿನ ಕಾಲು ನೆಲ ಮುಟ್ಟಿರುತ್ತೆ. ಇವರ ಎಡ, ಅವರ ಬಲ! ಅದರ ಅರ್ಧ ದೂರದಲ್ಲಿದ್ದರಂತೂ ಎಡವೂ ಅಲ್ಲ, ಬಲವೂ ಅಲ್ಲ. ಅದಕ್ಕೇ ಬ್ಯಾಂಡು ಎಲ್ಲಿ ನಿಲ್ಲಬೇಕು ಅನ್ನೋದರ ಮೇಲೇ ಅಷ್ಟೊಂದು ಗಮನ. ಮರೀನಾದಲ್ಲಿ ಜನವರಿ 26ಕ್ಕೆ ಕಾಮರಾಜರ್ ಸಾಲೈ ಉದ್ದಕ್ಕೂ ಮೆರವಣಿಗೆ ಹೋಗುವಾಗ ಒಂದು ಬ್ಯಾಂಡು ಮುಗೀತಿದ್ದ ಹಾಗೆ ಹಿಂದೆ ಇನ್ನೊಂದು ಬ್ಯಾಂಡು ಬರುತ್ತಲ್ಲ, ಬರೀ ಅಂದಕ್ಕೆ ಅಂತ ಅಂದುಕೊಂಡವರೇ ಹೆಚ್ಚು. ಹಿಂದಿನವರ ಕಾಲಿಗೂ ಹತ್ತಿರದಲ್ಲೇ ತಾಳ ಬೇಕಲ್ವಾ?

ಇನ್ನು ನಮ್ಮ ಚೆನ್ನೈ ಬಿಸಿಲು. ಹಿತ್ತಾಳೆ ಕಾದರೆ ಒಳಗಿನ ಗಾಳಿಯೂ ಕಾಯುತ್ತೆ, ಶ್ರುತಿ ಮೇಲೇರುತ್ತೆ. ನೆರಳಲ್ಲಿ ಕೂಡಿಸಿದ ಶ್ರುತಿ ಮೈದಾನಕ್ಕೆ ಬಂದು ಹತ್ತು ನಿಮಿಷಕ್ಕೆ ಉಳಿಯಲ್ಲ. ಸ್ಲೈಡ್ ಒಂಚೂರು ಹೊರಗೆಳೆದು ಮತ್ತೆ ಕೂಡಿಸಬೇಕು. ಊದಿದ ಉಸಿರಿನ ತೇವ ಕೊಳವೆಯೊಳಗೆ ನೀರಾಗಿ ನಿಲ್ಲುತ್ತೆ, ಅದಕ್ಕೊಂದು ಪುಟ್ಟ ಕೀಲಿ ಇದೆ, ಒತ್ತಿದರೆ ನೀರು ತೊಟ್ಟಿಕ್ಕುತ್ತೆ. ಹಾಡು ನಿಂತ ಕೂಡಲೇ ಎಲ್ಲರೂ ತಲೆ ಬಗ್ಗಿಸಿ ಅದನ್ನೇ ಮಾಡ್ತಿರ್ತಾರೆ, ಮುಂದಿನ ಸಲ ಗಮನಿಸಿ. ರಾತ್ರಿ ಮಲಗೋ ಮುಂಚೆ ಬ್ರಾಸೊ ಹಚ್ಚಿ ಉಜ್ಜಬೇಕು, ಬಿಳಿ ಕೈಗವಸು ಒಗೆದು ಒಣಗಿಸಬೇಕು. ಈ ಊರಿನ ಉಪ್ಪುಗಾಳಿಗೆ ಸಂಜೆ ಉಜ್ಜಿದ್ದು ಬೆಳಿಗ್ಗೆ ಮಂಕಾಗಿರುತ್ತಂತೆ. ನಮ್ಮ ದೇವರ ಮನೆಯ ದೀಪಕ್ಕೂ ಅದೇ ಗತಿ, ನಿಮ್ಮಲ್ಲೂ ಹಾಗೇ ಅಲ್ವಾ?

ಊದೋರ ಬಾಯಿ ಅಂದಾಗ ನೆನಪಾಯ್ತು. ಮೈಸೂರಲ್ಲಿ ನಮ್ಮ ಬೀದಿಯ ಹುಡುಗರು ಮದುವೆ ಮನೆಯಲ್ಲಿ ನಾಗಸ್ವರದವರ ಎದುರಿಗೆ ಕೂತು ಹುಣಸೆಹಣ್ಣು ಚೀಪೋರು. ಅವರ ಬಾಯಲ್ಲಿ ನೀರೂರಿ ಸ್ವರ ಜಾರಲಿ ಅಂತ. ಹಿರಿಯರು ಬೆತ್ತ ಹಿಡಿದು ಅಟ್ಟೋರು. ದಸರಾ ಬಂದರೆ ಮಾತ್ರ ಯಾರಿಗೂ ಆ ಚೇಷ್ಟೆ ನೆನಪಾಗ್ತಿರಲಿಲ್ಲ. ಪೊಲೀಸ್ ಬ್ಯಾಂಡಿನವರು ಒಂದು ಕಡೆ ಇಂಗ್ಲಿಷ್ ಬ್ಯಾಂಡು, ಒಂದು ಕಡೆ ಕರ್ನಾಟಕ ಬ್ಯಾಂಡು ಅಂತ ನಿಂತರೆ ಎಲ್ಲರ ಬಾಯೂ ತೆರೆದೇ ಇರ್ತಿತ್ತು. ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿಯೇ ಕದ್ರಿ ಗೋಪಾಲನಾಥರಿಗೆ ಅದರ ಹುಚ್ಚು ಹಿಡಿದದ್ದು. ನಾಗಸ್ವರ ವಿದ್ವಾಂಸರ ಮನೆಯ ಮಗ, ಬ್ಯಾಂಡಿನ ವಾದ್ಯವನ್ನು ಕೈಗೆತ್ತಿಕೊಂಡು, ಇದೇ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಹತ್ತಿರ ಕಲಿತು, ಅದರಲ್ಲಿ ಗಮಕ ಹೊರಡಿಸಿದರಲ್ಲ! ಬ್ಯಾಂಡು ಅಂದರೆ ಸಂಗೀತವೇ ಅಲ್ಲ ಅನ್ನೋರಿಗೆ ನಾನು ಕೊಡೋ ಉತ್ತರ ಅದೊಂದೇ.

ಒಂದೇ ಯಾಕೆ, ಇನ್ನೂ ಹಿಂದಕ್ಕೆ ಹೋಗಿ. ಮುತ್ತುಸ್ವಾಮಿ ದೀಕ್ಷಿತರು ಹುಡುಗರಾಗಿದ್ದಾಗ ಮನೆಮಂದಿಯೆಲ್ಲ ಮಣಲಿ ಮೊದಲಿಯಾರರ ಆಶ್ರಯದಲ್ಲಿ ಇಲ್ಲೇ ಪಕ್ಕದಲ್ಲಿದ್ದರು. ಮೊದಲಿಯಾರರಿಗೆ ಈಸ್ಟ್ ಇಂಡಿಯಾ ಕಂಪನಿಯವರ ಒಡನಾಟ. ಸೇಂಟ್ ಜಾರ್ಜ್ ಕೋಟೆಯಲ್ಲಿ ಕಿವಿಗೆ ಬಿದ್ದ ಬ್ಯಾಂಡಿನ ಧಾಟಿಗಳಿಗೆ ದೀಕ್ಷಿತರು ಸಂಸ್ಕೃತದಲ್ಲಿ ಸಾಹಿತ್ಯ ಹೊಸೆದರು. ನೊಟ್ಟುಸ್ವರ ಅಂತ ಮಕ್ಕಳಿಗೆ ಹೇಳಿಕೊಡ್ತಾರಲ್ಲ, ಅವು. ಹತ್ತಿರ ಹತ್ತಿರ 40 ಇವೆ, ಎಲ್ಲ ಶಂಕರಾಭರಣದ ಸ್ವರಗಳಲ್ಲಿ. ‘ಸಂತತಂ ಪಾಹಿಮಾಂ’ ಇಂಗ್ಲೆಂಡಿನ ರಾಜಗೀತೆಯ ಧಾಟಿ. ತಮ್ಮ ಬಾಲುಸ್ವಾಮಿಯವರು ಪಿಟೀಲನ್ನೇ ಕಲಿತು ನಮ್ಮ ಸಂಗೀತಕ್ಕೆ ತಂದರು. ಇವತ್ತು ಮಾರ್ಗಳಿ ಮಾಸದ ಕಛೇರಿಗಳಲ್ಲಿ ಪಿಟೀಲಿಲ್ಲದ ಕಛೇರಿ ಎಲ್ಲಿದೆ ಹೇಳಿ?

ಆ ಕೋಟೆಯ ಕಾಲದಲ್ಲಿ ಡ್ರಮ್ಮು, ಕೊಳಲು ಹಿಡೀತಿದ್ದೋರು ಯಾರು ಅಂತೀರಿ? ಬಹುಪಾಲು ಚಿಕ್ಕ ಹುಡುಗರು. ತಂದೆ ಐರೋಪ್ಯ ಸಿಪಾಯಿ, ತಾಯಿ ಇಲ್ಲಿಯವಳು ಅಂಥ ಮಕ್ಕಳಿಗಾಗಿ ಎಗ್ಮೋರಿನಲ್ಲಿ ಒಂದು ಸೈನಿಕ ಅನಾಥಾಲಯ ಇತ್ತು. 1789ರಿಂದ ಆಂಡ್ರ್ಯೂ ಬೆಲ್ ಅನ್ನೋ ಪಾದ್ರಿ ಅದನ್ನು ನೋಡಿಕೊಂಡರು. ಇಲ್ಲಿಯ ಜಗಲಿ ಶಾಲೆಗಳ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದೋದನ್ನು ಕಂಡು, ಕಲಿತ ಹುಡುಗ ಕಲಿಯದವನಿಗೆ ಹೇಳಿಕೊಡೋ ಪದ್ಧತಿ ತಂದರು. ಮದ್ರಾಸ್ ಪದ್ಧತಿ ಅಂತ ಅದು ಇಂಗ್ಲೆಂಡಿಗೂ ಹೋಯ್ತು. ಆದರೆ 1795ರಲ್ಲಿ ಕಂಪನಿಯವರು ಈ ಮಿಶ್ರ ಮಕ್ಕಳಿಗೆ ಸೈನ್ಯದಲ್ಲಿ ಜಾಗವಿಲ್ಲ ಅಂದುಬಿಟ್ಟರು. ಕೊಳಲು, ಡ್ರಮ್ಮು, ಬ್ಯಾಂಡು, ಇಲ್ಲವೇ ಕುದುರೆಗೆ ಲಾಳ ಹೊಡೆಯೋ ಕೆಲಸ, ಇಷ್ಟೇ ಅವರಿಗೆ ಬಿಟ್ಟ ಬಾಗಿಲು. ಎಂಥ ಅನ್ಯಾಯ! ಅಪ್ಪನ ಸೈನ್ಯದಲ್ಲೇ ಬಂದೂಕು ಮುಟ್ಟೋ ಹಾಗಿಲ್ಲ, ಅಪ್ಪನ ಕಾಲಿಗೆ ತಾಳ ಮಾತ್ರ ಕೊಡಬೇಕು.

ನಮ್ಮ ಹುಡುಗನ ಕಾಲಕ್ಕೆ ಅದೆಲ್ಲ ಇಲ್ಲ, ದೇವರ ದಯೆ. ಅವನು ಆಸೆಪಟ್ಟು ಸೇರಿದವನು. ಕಲಿತವನು ಕಲಿಯದವನಿಗೆ ಹೇಳಿಕೊಡೋದು ಮಾತ್ರ ಇವತ್ತೂ ಹಾಗೇ ಇದೆ. ಪಕ್ಕದಲ್ಲಿ ನಡೆಯೋ ಹಿರಿಯ ಯೂಫೋನಿಯಮ್ಮಿನವರು ಗಢವಾಲಿ. ಹಿಂದಿಯಲ್ಲಿ ಬೈದು, ಹಿಂದಿಯಲ್ಲೇ ಬೆನ್ನು ತಟ್ಟಿ ಕಲಿಸ್ತಾರಂತೆ. ಮುಂದೆ ಪಚ್‌ಮಢಿಗೆ ಹೋಗಬೇಕು ಅಂತ ಅವನ ಆಸೆ. ಮಧ್ಯಪ್ರದೇಶದ ಸಾತ್ಪುರ ಬೆಟ್ಟದ ಮೇಲೆ ಸೇನೆಯ ಸಂಗೀತ ಶಾಲೆ ಇದೆಯಲ್ಲ, ಅದು. ಬ್ಯಾಂಡ್ ಮಾಸ್ಟರ್ ಆಗೋರು ಅಲ್ಲಿ ಪಳಗಲೇಬೇಕು. 1950ರಲ್ಲಿ ಅದನ್ನು ಶುರು ಮಾಡಿಸಿದ್ದು ನಮ್ಮ ಕೊಡಗಿನ ಕಾರ್ಯಪ್ಪನವರು. ಹಿಂದಿನ ವರ್ಷ, 1949ರ ಜನವರಿ 15ಕ್ಕೆ, ಸೇನೆಯ ಚುಕ್ಕಾಣಿ ಹಿಡಿದಿದ್ದರು. ಹೊಸ ದೇಶ, ತಲೆ ತುಂಬ ನೂರೆಂಟು ತಾಪತ್ರಯ. ಅದರ ನಡುವೆ ಬ್ಯಾಂಡಿನವರಿಗೂ ಒಂದು ಶಾಲೆ ಬೇಕು ಅಂತ ಅನ್ನಿಸಿತಲ್ಲ, ಅದು ದೊಡ್ಡ ಮನಸ್ಸು.

ನಿನ್ನೆ ಸಂಜೆ ಮಳೆ ಬಂತಲ್ಲ, ಆಗಲೂ ತಾಲೀಮು ನಿಲ್ಲಲಿಲ್ಲ. ಒಳಗೆ ಕೂತು ರಾಷ್ಟ್ರಗೀತೆ ತಿದ್ದಿದರಂತೆ. 52 ಸೆಕೆಂಡಿನದು, ಎಲ್ಲರಿಗೂ ಗೊತ್ತಿರೋದು, ಅದಕ್ಕೇನು ತಾಲೀಮು ಅಂತ ನಾನು ಕೇಳಿದೆ. ಅದೇ ಎಲ್ಲಕ್ಕಿಂತ ಕಷ್ಟ ಅಂದ. ಎಲ್ಲರಿಗೂ ಗೊತ್ತಿರೋದರಿಂದಲೇ ಒಂದು ಕೂದಲೆಳೆ ತಪ್ಪಿದರೂ ಎಲ್ಲರಿಗೂ ತಿಳಿಯುತ್ತೆ. ಬಿಸಿಲಲ್ಲಿ ಸುಮ್ಮನೆ ನಿಂತು ನಿಂತು ತುಟಿ ಒಣಗಿರುತ್ತೆ, ಆಗ ಒಮ್ಮೆಲೇ ಮೊದಲ ಸ್ವರ ಎಲ್ಲರದೂ ಒಟ್ಟಿಗೆ ಹೊರಡಬೇಕು. ಈ ಗೀತೆಯ ಧಾಟಿಯನ್ನು ಸ್ವರಲಿಪಿಯಲ್ಲಿ ಇಳಿಸಿದ್ದೂ ನಮ್ಮ ನೆರೆಯ ಮದನಪಲ್ಲಿಯಲ್ಲೇ, 1919ರಲ್ಲಿ, ಮಾರ್ಗರೆಟ್ ಕಸಿನ್ಸ್. ಸೊಗಸಲ್ವಾ?

ಶನಿವಾರ ಪರೇಡು. ಪರಮೇಶ್ವರನ್ ಡ್ರಿಲ್ ಸ್ಕ್ವೇರ್‌ನಲ್ಲಿ. ಇದೇ ಅಕಾಡೆಮಿಯಿಂದ ಹೊರಟು, 1987ರಲ್ಲಿ ಶ್ರೀಲಂಕಾದಲ್ಲಿ ಪ್ರಾಣ ಕೊಟ್ಟ ಮೇಜರ್ ರಾಮಸ್ವಾಮಿ ಪರಮೇಶ್ವರನ್, ಪರಮವೀರ ಚಕ್ರದವರು, ಅವರ ಹೆಸರಿನ ಮೈದಾನ ಅದು. 1963ರಲ್ಲಿ ಶುರುವಾದ ಸಂಸ್ಥೆ, 1992ರಿಂದ ಹೆಣ್ಣುಮಕ್ಕಳೂ ಅಲ್ಲಿ ಕಲೀತಾರೆ. ಕೊನೆಯಲ್ಲಿ ಕೆಡೆಟ್‌ಗಳು ನಿಧಾನದ ಹೆಜ್ಜೆ ಹಾಕುತ್ತಾ ಹೊರಡುವಾಗ ಬ್ಯಾಂಡು ‘ಆಲ್ಡ್ ಲ್ಯಾಂಗ್ ಸೈನ್’ ನುಡಿಸುತ್ತೆ, ಆ ಹಳೆಯ ಸ್ಕಾಟಿಷ್ ಬೀಳ್ಕೊಡುಗೆ ಧಾಟಿ. ಅಪ್ಪ ಅಮ್ಮಂದಿರು ಕಣ್ಣೊರೆಸಿಕೊಳ್ತಿರ್ತಾರೆ. ಆಮೇಲೆ ಓಡಿ ಬಂದು ಮಕ್ಕಳ ಹೆಗಲಿಗೆ ನಕ್ಷತ್ರ ಚುಚ್ಚುತ್ತಾರೆ, ಫೋಟೋ ಹೊಡೆಸಿಕೊಳ್ತಾರೆ. ಬ್ಯಾಂಡಿನವರು ಮಾತ್ರ ಅಳೋ ಹಾಗಿಲ್ಲ. ಗಂಟಲು ಕಟ್ಟಿದರೆ ಉಸಿರು ನಿಲ್ಲುತ್ತೆ, ತುಟಿ ನಡುಗಿದರೆ ಸ್ವರ ಒಡೆಯುತ್ತೆ. ಎಲ್ಲರ ಅಳುವಿಗೂ ಶ್ರುತಿ ಹಿಡಿಯೋರು ಅವರೇ, ಅಳದೆ ಇರಬೇಕಾದವರೂ ಅವರೇ.

ಮೊನ್ನೆ ಒಬ್ಬರು, ಬ್ಯಾಂಡಿನವರದು ಏನು ಬಿಡಿ, ಆರಾಮದ ಕೆಲಸ ಅಂದರು. ನನಗೆ ಸರಿಬರಲಿಲ್ಲ ರಾಯರೇ. ಈ ಹುಡುಗರು ಮೊದಲು ಸಿಪಾಯಿಗಳು, ಬಂದೂಕಿನ ತರಬೇತಿ ಎಲ್ಲರ ಹಾಗೇ ಆಗಿರುತ್ತೆ. ಯುದ್ಧ ಬಂದರೆ ವಾದ್ಯ ಕೆಳಗಿಟ್ಟು ಸ್ಟ್ರೆಚರ್ ಹಿಡಿಯೋರು ಇವರು. ಗುಂಡು ಹಾರ್ತಿರೋ ಕಡೆಯಿಂದ ಗಾಯಾಳುಗಳನ್ನು ಹೊತ್ತು ತರೋ ಕೆಲಸ. ಪ್ರಥಮ ಚಿಕಿತ್ಸೆಯ ಪಾಠವೂ ಅದಕ್ಕೇ. ಬೇರೆಯವರು ಹೆಜ್ಜೆ ತಪ್ಪದ ಹಾಗೆ ನೋಡಿಕೊಳ್ಳೋರು ಇವರು, ಬಿದ್ದರೆ ಎತ್ತೋರೂ ಇವರೇ. ಪರೇಡ್ ನೋಡಿ ಬಂದವರು ಕತ್ತಿ ಹಿಡಿದವನ ಠೀವಿ ಹೇಳ್ತಾರೆ, ಸಾಲಿನ ಅಚ್ಚುಕಟ್ಟು ಹೇಳ್ತಾರೆ. ಅಷ್ಟು ಜನರ ಕಾಲು ಒಂದೇ ಏಟಿಗೆ ನೆಲ ಮುಟ್ಟಿದ್ದು ಯಾರ ಉಸಿರಿನಿಂದ ಅಂತ ಕೇಳೋರು ಕಮ್ಮಿ. ಕೇಳಬೇಕು ಅನ್ನೋದು ನನ್ನ ಮಾತು.

ಅದಿರಲಿ, ನಿಮ್ಮ ಮೊಮ್ಮಗಳು ಕೊಳಲಿನಲ್ಲಿ ವರ್ಣ ಮುಗಿಸಿದಳಂತೆ? ಹತ್ತನೇ ಕ್ಲಾಸೂ ಆಯ್ತಲ್ಲ. ವಾಯುಪಡೆಯವರು ಅಗ್ನಿವೀರವಾಯು ಯೋಜನೆಯಲ್ಲಿ ಸಂಗೀತಗಾರರನ್ನು ತಗೋತಾರೆ, 2024ರಲ್ಲಿ ಕಾನ್ಪುರದಲ್ಲೂ ನಮ್ಮ ಬೆಂಗಳೂರಲ್ಲೂ ಆಯ್ಕೆ ನಡೆಸಿದ್ದರು, ಹೆಣ್ಣುಮಕ್ಕಳಿಗೂ ಅವಕಾಶ ಇತ್ತು. ಹತ್ತನೇ ಕ್ಲಾಸ್ ಪಾಸಾಗಿರಬೇಕು, ತನ್ನ ವಾದ್ಯಕ್ಕೆ ತಾನೇ ಶ್ರುತಿ ಕೂಡಿಸೋಕೆ ಬರಬೇಕು. ನಮ್ಮ ಶಾಸ್ತ್ರೀಯ ವಾದ್ಯಗಳೂ ಆಗುತ್ತೆ. ಅವಳಿಗೆ ಮನಸ್ಸಿದ್ದರೆ ತಾನೆ, ಬಲವಂತವೇನಿಲ್ಲ. ಹುಡುಗ ಭಾನುವಾರ ಊಟಕ್ಕೆ ಬರ್ತಾನೆ, ಸೋಮವಾರ ಬ್ಯಾಂಡು ಹೊರಡುತ್ತೆ. ಅವಳನ್ನೂ ಕಳಿಸಿ, ಏನೇನು ಕಷ್ಟ, ಏನೇನು ಸುಖ ಅಂತ ಅವನನ್ನೇ ಕೇಳಲಿ. ನೀವೂ ಬನ್ನಿ, ಹೋಳಿಗೆ ಮಾಡ್ತಿದ್ದಾರೆ.