ಮ್ಯಾಲ ನೋಡ್ರಿ!

ರಾಯಚೂರಿನಲ್ಲಿ ಗೃಹಪ್ರವೇಶದ ಊಟಕ್ಕೆ ಹೋದವರು ಎಲೆ ನೋಡುವ ಮುಂಚೆ ಮೇಲೆ ನೋಡಬೇಕು. ಹೋಳಿಗೆ ಎಷ್ಟೇ ಮೆತ್ತಗಿರಲಿ, ಮೊದಲ ಹೊಗಳಿಕೆ ಸಲ್ಲಬೇಕಾದ್ದು ಪಿಒಪಿ ಸೀಲಿಂಗಿಗೆ. ನಡುವೆ ಕಮಲ, ಸುತ್ತ ಮೆಟ್ಟಿಲು, ಮೆಟ್ಟಿಲ ಸಂದಿಯಲ್ಲಿ ನೀಲಿ ದೀಪ. ಯಜಮಾನರು "ಮ್ಯಾಲ ನೋಡ್ರಿ!" ಎಂದು ಬಟನ್ ಒತ್ತಿದಾಗ ನೀವು "ಅಬಬಬ!" ಅನ್ನದಿದ್ದರೆ ಎರಡನೇ ಹೋಳಿಗೆ ನಿಮ್ಮ ಎಲೆಯ ಕಡೆ ಸುಳಿಯುವುದಿಲ್ಲ.

ಈಗ ಅದನ್ನೇ ಕೆಡವಿಸುವ ಸುಗ್ಗಿ ಶುರುವಾಗಿದೆ. ಪಿಒಪಿ ಎಂದರೆ ಜಿಪ್ಸಮ್ ಕಲ್ಲನ್ನು ಸುಮಾರು 150 ಡಿಗ್ರಿಯಲ್ಲಿ ಹುರಿದು, ಅದರೊಳಗಿನ ನೀರಿನ ಮುಕ್ಕಾಲು ಪಾಲು ಓಡಿಸಿದ ಹಿಟ್ಟು. ನೀರು ಕಲಸಿದರೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಟ್ಯಾಂಕಿನ ನೀರು ಒಂದೇ ಸಮನೆ ಸೋರಿತೋ, ಮೆತ್ತಗಾಗಿ ಉದುರುತ್ತದೆ. ಕಮಲ ನೀರಿನಲ್ಲೇ ಅರಳುವುದು ನಿಜ, ಈ ಜಾತಿಗೆ ಮಾತ್ರ ನೀರು ಆಗಿಬರುವುದಿಲ್ಲ.

ಕೆಡವುವ ದಿನ ಸುತ್ತಿಗೆಯ ಮೊದಲ ಪೆಟ್ಟಿಗೆ ಬೀಳುವುದು ಹಲ್ಲಿ. ಆಮೇಲೆ ನಾರು ಹಿಡಿದು ಜೋತಾಡುವ ಎಸಳು, ಕಡಿದುಹೋದ ವೈರು, ಕೊನೆಗೆ ಇಲಿಗೂಡು. ಗೂಡಿನೊಳಗೆ ಮಾನ್ವಿ ಮಿಲ್ಲಿನಿಂದ ತಂದ ಸೋನಾಮಸೂರಿಯ ಕಾಳು, ಅದೇ ಗೃಹಪ್ರವೇಶದ ಕಾರ್ಡಿನ ಚೂರು. ಯಜಮಾನರು ಕರೆಯಲು ಮರೆತರೂ ಇಲಿ ತಾನೇ ಕಾರ್ಡು ಒಯ್ದಿತ್ತು. ಬಿಳಿ ದೂಳಿಗೆ ಯಾರೂ ಮೂಗು ಮುಚ್ಚಲಿಲ್ಲ, ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿ ಕಂಡ ಮಂದಿ.

ಅಮೆರಿಕದಲ್ಲಿ ಈ ಪಿಒಪಿಯ ದೊಡ್ಡಣ್ಣನಿದ್ದಾನೆ, ಪಾಪ್‌ಕಾರ್ನ್ ಸೀಲಿಂಗು. ಪಂಚಮಿಯ ಜೋಳದ ಅಳ್ಳನ್ನು ಛತ್ತಿಗೆ ಎರಚಿ ಅಂಟಿಸಿದ ಹಾಗೆ. ಗಾರೆಯ ಅಂಕುಡೊಂಕು ಮುಚ್ಚುತ್ತದೆ, ಸದ್ದು ತುಸು ನುಂಗುತ್ತದೆ ಎಂದು ಒಂದು ಕಾಲಕ್ಕೆ ಮನೆಮನೆಗೂ ಹೊಡೆಸಿದರು. ಹಳೆಯದರಲ್ಲಿ ಉಸಿರಿಗೆ ಕಂಟಕವಾದ ಕಲ್ನಾರು (ಆಸ್ಬೆಸ್ಟಾಸ್) ಬೆರೆತಿರುತ್ತಿತ್ತು. 1978ರಲ್ಲಿ ಅಲ್ಲಿನ ಸರ್ಕಾರ ಅಂಥ ಸಿಂಪಡಿಕೆ ನಿಲ್ಲಿಸಿತು. ಹಾಗಾಗಿ ಈಗ ಅದನ್ನು ತೆಗೆಯುವ ಮೊದಲು ಒಂದು ಚೂರನ್ನು ಲ್ಯಾಬಿಗೆ ಕಳಿಸಿ, ಕಲ್ನಾರು ಇಲ್ಲವೆಂದು ಖಾತ್ರಿಯಾದ ಮೇಲೆ ನೀರು ಸಿಂಪಡಿಸಿ, ನೆನೆಸಿ, ಅಗಲ ಅಲಗಿನಿಂದ ಕೆರೆಯುತ್ತಾರೆ. ಡಲ್ಲಾಸಿನಲ್ಲಿರುವ ನಮ್ಮ ದೇವದುರ್ಗದ ಹುಡುಗ, ಊರಲ್ಲಿ ಕುಡಿದ ಚಾ ಲೋಟ ಎತ್ತಿಡದವನು, ಕನ್ನಡಕದ ಮೇಲೆ ಕನ್ನಡಕ ಹಾಕಿ ಏಣಿ ಹತ್ತಿದ್ದಾನೆ. ವಿಡಿಯೋ ಕಾಲಿನಲ್ಲಿ ಕಂಡ ತಾಯಿ, "ಅಷ್ಟು ಓದ್ಸಿದ್ದು ಛತ್ತು ಕೆರಿಯಾಕೇನೋ?" ಎಂದು ಸೆರಗು ಕಣ್ಣಿಗೊತ್ತಿದಳು. ನಾವೂ ಮರುಗಿದೆವು, ಕಲ್ನಾರಿನ ಸಿಮೆಂಟ್ ಶೀಟಿನ ಕೆಳಗೆ ಚಾ ಕುಡಿಯುತ್ತ.

ಮಾನ್ವಿಯ ಹಳೇ ಓಣಿಯ ಮಾಳಿಗೆ ಮನೆಗಳಿಗೆ ಇದ್ಯಾವ ರಗಳೆಯೂ ಇರಲಿಲ್ಲ. ತೊಲೆ, ಜಂತಿ, ಮೇಲೆ ದಪ್ಪ ಮಣ್ಣು. ಮಳೆಗಾಲಕ್ಕೆ ಮುಂಚೆ ಮತ್ತೊಂದಿಷ್ಟು ಮಣ್ಣು ಹೊತ್ತು ಹಾಕಬೇಕು, ಆ ಬೆನ್ನುನೋವು ಸುಳ್ಳಲ್ಲ. ಆದರೆ ಏಪ್ರಿಲ್ ಬಿಸಿಲಲ್ಲೂ ಒಳಗೆ ಮಧ್ಯಾಹ್ನದ ನಿದ್ದೆ ಬರುತ್ತಿತ್ತು. ಸಾರಿಗೆ ಮಣ್ಣು ಉದುರುತ್ತದೆಂದು ಅಜ್ಜಿ ಜಂತಿಯ ಕೆಳಗೆ ಹಳೇ ಧೋತರದ ಮೇಲ್ಕಟ್ಟು ಕಟ್ಟಿದ್ದಳು. ನಮ್ಮ ಸೀಮೆಯ ಅಸಲಿ ಫಾಲ್ಸ್ ಸೀಲಿಂಗು ಅದು. ಹೊಲಸಾದರೆ ನಾಲ್ಕು ಗಂಟು ಬಿಚ್ಚಿ, ಒಗೆದು, ಮತ್ತೆ ಕಟ್ಟಿದರಾಯಿತು.

ಕಮಲ ಹೋದ ಮೇಲೆ ಯಜಮಾನರ ತಲೆ ಮೇಲೆ ಉಳಿದದ್ದು ತೂತು ತೂತು ಬೋಳು ಛತ್ತು. "ಮಾಳಿಗಿ ಮ್ಯಾಲಿನ ಬಿರುಕು ಮುಚ್ಚಿಸಿ ಬಿಳಿ ಸುಣ್ಣ ಬಳಸ್ರಿ, ಸೋರೂದೂ ನಿಲ್ತದ, ಬಿಸಲೂ ವಾಪಸ್ ಹೋಗ್ತದ" ಎಂದೆ.

"ಮ್ಯಾಲ ಬಳದ್ರ ಬೀಗರಿಗೆ ಹೆಂಗ ಕಾಣ್ತದ್ರೀ?" ಎಂದರು.

ಗುತ್ತೇದಾರ ಅಷ್ಟರಲ್ಲಿ ಮೊಬೈಲು ಮುಂದೆ ಹಿಡಿದ. "ತೂತು ಮುಚ್ಚಾಕ ಹೊಸಾ ಡಿಸೈನ್ ಬಂದದ್ರಿ ಸರ್. ಮೆಷಿನ್‌ಲೆ ಹೊಡೀತೀವಿ, ಕಾಳು ಕಾಳು ಕಾಣ್ತದ. ಅಮೆರಿಕದಾಗ ಮನಿಮನಿಗೂ ಇದೇ ಅದ ಅಂತ!"